ಡಾ. ಎಸ್.ಆರ್. ರಂಗನಾಥನ್: ಗ್ರಂಥಪಾಲಕ ವೃತ್ತಿಗೆ ಹೊಸ ದಾರಿ ತೆರೆದವರು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಖ್ಯಾತರಾದ ಪದ್ಮಶ್ರೀ ಡಾ. ಶಿಯಾಳಿ ರಾಮಾಮೃತ ರಂಗನಾಥನ್‌ರವರ ಜನ್ಮದಿನವಾದ ಆಗಸ್ಟ್ 12ನ್ನು ದೇಶದಾದ್ಯಂತ ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತಿದೆ. ಅಂದು ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಪುಷ್ಪಮಾಲೆ ಅರ್ಪಿಸುವುದು, ಅವರ ಪಂಚಸೂತ್ರಗಳನ್ನು ಸ್ಮರಿಸುವುದು ವಾಡಿಕೆ. ಆದರೆ ಅವರು ಕೇವಲ ಸೂತ್ರಗಳನ್ನು ರಚಿಸಿದ ವಿದ್ವಾಂಸರಾಗಿರಲಿಲ್ಲ. ಇದ್ದ ಹಣ, ಇದ್ದ ಸಿಬ್ಬಂದಿ, ಇದ್ದ ಕಟ್ಟಡಗಳ ಮಿತಿಯೊಳಗೇ ಯಾರೂ ಮಾಡದಿದ್ದ ಕೆಲಸಗಳನ್ನು ಆರಂಭಿಸಿ, ಅವು ತಮ್ಮ ಕಾಲಮೇಲೆ ನಿಲ್ಲುವವರೆಗೂ ಬೆಂಬಿಡದ ಉದ್ಯಮಶೀಲರಾಗಿದ್ದರು. ಅವರ ವೃತ್ತಿಜೀವನದ ಆರಂಭದ ಮೂರು ವರ್ಷಗಳು ಮಂಗಳೂರಿನಲ್ಲಿಯೂ, ಕೊನೆಯ ದಶಕ ಬೆಂಗಳೂರಿನಲ್ಲಿಯೂ ಕಳೆದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯಾಗಿದೆ.

ರಂಗನಾಥನ್‌ರವರು ಅಂದಿನ ಮದ್ರಾಸ್ ಪ್ರಾಂತದ ತಂಜಾವೂರು ಜಿಲ್ಲೆಯ ಶಿಯಾಳಿ (ಇಂದಿನ ಶೀರ್ಕಾಳಿ) ಎಂಬಲ್ಲಿ 1892ರಲ್ಲಿ ಜನಿಸಿದರು. ದಾಖಲೆಗಳಲ್ಲಿ ಅವರ ಜನ್ಮದಿನಾಂಕ ಆಗಸ್ಟ್ 9 ಎಂದಿದ್ದರೂ, 12ರಂದೇ ಆಚರಣೆ ರೂಢಿಗೆ ಬಂದಿದೆ. ತಂದೆ ರಾಮಾಮೃತ ಅಯ್ಯರ್‌ರವರು ಮಗನಿಗೆ ಆರು ವರ್ಷವಾಗಿದ್ದಾಗಲೇ, ತಮ್ಮ ಮೂವತ್ತರ ಪ್ರಾಯದಲ್ಲಿ, ನಿಧನರಾದರು. ತಾಯಿ ಸೀತಾಲಕ್ಷ್ಮಿಯವರ ಹಾಗೂ ಉಪಾಧ್ಯಾಯರಾಗಿದ್ದ ಅಜ್ಜನವರ ಆಶ್ರಯದಲ್ಲಿ ಬಾಲಕನ ವಿದ್ಯಾಭ್ಯಾಸ ನಡೆಯಿತು. ಅಂದಿನ ಪದ್ಧತಿಯಂತೆ 1907ರಲ್ಲಿಯೇ ರುಕ್ಮಿಣಿಯವರೊಂದಿಗೆ ವಿವಾಹವಾಯಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1916ರಲ್ಲಿ ಗಣಿತಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿ ಅವರಿಗೆ ಗುರುಗಳಾಗಿದ್ದ ಪ್ರೊ. ಎಡ್ವರ್ಡ್ ಬಿ. ರಾಸ್‌ರವರ ಪ್ರಭಾವ ಜೀವನದುದ್ದಕ್ಕೂ ಉಳಿಯಿತು. ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಎಲ್.ಟಿ. ತರಬೇತಿ ಪಡೆದ ನಂತರ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಅಧ್ಯಾಪಕರಾಗಿ ನೇಮಕಗೊಂಡರು. 1920ರವರೆಗೆ ಅಲ್ಲಿದ್ದು, ಮುಂದೆ ಕೊಯಮತ್ತೂರಿನಲ್ಲಿಯೂ, ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದರು. ಬಾಲ್ಯದಿಂದ ಬಂದ ತೊದಲುವಿಕೆ ಇದ್ದಾಗ್ಯೂ ಅದನ್ನು ಹಿಡಿತಕ್ಕೆ ತಂದುಕೊಂಡು, ವಿದ್ಯಾರ್ಥಿಗಳು ಮೆಚ್ಚುವ ಅಧ್ಯಾಪಕರೆನಿಸಿದರು. ಗ್ರಂಥಾಲಯದ ಕಡೆಗೆ ಹೋಗುವ ಆಲೋಚನೆ ಅವರಿಗೆ ಆಗ ಕಿಂಚಿತ್ತೂ ಇರಲಿಲ್ಲ.

ಮದ್ರಾಸ್ ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯವನ್ನು ಸುವ್ಯವಸ್ಥೆಗೆ ತರುವ ಉದ್ದೇಶದಿಂದ ಗ್ರಂಥಪಾಲಕರ ಹುದ್ದೆಯನ್ನು ಸೃಜಿಸಿ ಅರ್ಜಿಗಳನ್ನು ಆಹ್ವಾನಿಸಿದಾಗ ಸುಮಾರು 900 ಅರ್ಜಿಗಳು ಬಂದವು. ಅರ್ಜಿದಾರರಲ್ಲಿ ಆ ವೃತ್ತಿಯ ತರಬೇತಿ ಪಡೆದವರು ಇರಲಿಲ್ಲವೆಂದೇ ಹೇಳಬೇಕು. ಕಾಲೇಜು ಅಧ್ಯಾಪಕರ ಅಲ್ಪ ವೇತನದಲ್ಲಿ ಸಂಸಾರ ನಡೆಸುತ್ತಿದ್ದ ರಂಗನಾಥನ್‌ರವರು ಸ್ನೇಹಿತರ ಒತ್ತಾಸೆಯ ಮೇರೆಗೆ ಅರ್ಜಿ ಸಲ್ಲಿಸಿದರು. ಸಂದರ್ಶನಕ್ಕೆ ಕೆಲವೇ ದಿನ ಮೊದಲು ವಿಶ್ವಕೋಶವೊಂದರಲ್ಲಿ ಗ್ರಂಥಾಲಯಗಳ ಬಗ್ಗೆ ಇದ್ದ ಲೇಖನವನ್ನು ಓದಿಕೊಂಡದ್ದೇ ಆ ವಿಷಯದಲ್ಲಿ ಅವರಿಗಿದ್ದ ಬಂಡವಾಳ. ಆಯ್ಕೆಯಾದರು. 1924ರ ಜನವರಿ ತಿಂಗಳಲ್ಲಿ ಆ ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾಗಿ ಅಧಿಕಾರ ವಹಿಸಿಕೊಂಡರು.

ಅಧಿಕಾರ ವಹಿಸಿಕೊಂಡ ಒಂದು ವಾರದೊಳಗೇ ಅವರಿಗೆ ಈ ಕೆಲಸ ಬೇಡವೆನಿಸಿತು. ತರಗತಿಯ ಗದ್ದಲ, ವಿದ್ಯಾರ್ಥಿಗಳ ಪ್ರಶ್ನೆಗಳ ನಡುವೆ ಬೆಳೆದ ಅಧ್ಯಾಪಕರಿಗೆ, ಓದುಗರೇ ಬಾರದ ಆ ನೀರವ ಕೊಠಡಿಯಲ್ಲಿ ದಿನವಿಡೀ ಕುಳಿತಿರುವುದು ದುಸ್ಸಾಧ್ಯವಾಯಿತು. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ, ತಮ್ಮನ್ನು ಹಳೆಯ ಹುದ್ದೆಗೇ ಮರಳಿ ತೆಗೆದುಕೊಳ್ಳುವಂತೆ ಕೋರಿದರು. ನೇಮಕಾತಿಯ ನಿಬಂಧನೆಯಂತೆ ಅವರು ತರಬೇತಿಗಾಗಿ ಇಂಗ್ಲೆಂಡಿಗೆ ತೆರಳಬೇಕಾಗಿತ್ತು. ಮೊದಲು ಇಂಗ್ಲೆಂಡಿಗೆ ಹೋಗಿ ಬರುವುದು, ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ಅಧ್ಯಾಪಕರ ಸ್ಥಾನಕ್ಕೆ ಹಿಂದಿರುಗುವುದು ಎಂಬ ಸಲಹೆಯನ್ನು ಪ್ರಾಂಶುಪಾಲರು ನೀಡಿದರು. ಸದರಿ ಪ್ರಾಂಶುಪಾಲರು ಅಂದೇ ಕೋರಿಕೆಯನ್ನು ಪುರಸ್ಕರಿಸಿದ್ದಲ್ಲಿ ಗಣಿತಕ್ಕೆ ಒಬ್ಬ ಒಳ್ಳೆಯ ಮೇಷ್ಟರು ಉಳಿಯುತ್ತಿದ್ದರು, ಅಷ್ಟೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲಕ ಶಿಕ್ಷಣ ಶಾಲೆಗೆ ಸೇರಿದ ರಂಗನಾಥನ್‌ರವರಿಗೆ ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲಕರೂ, ವರ್ಗೀಕರಣ ವಿಷಯದ ತಜ್ಞರೂ ಆದ ಡಬ್ಲ್ಯು.ಸಿ. ಬರ್ವಿಕ್ ಸೇಯರ್ಸ್‌ರವರ ಮಾರ್ಗದರ್ಶನ ದೊರೆಯಿತು. ತರಗತಿಗಿಂತಲೂ ಹೆಚ್ಚಾಗಿ ಅವರು ಕಲಿತದ್ದು ಗ್ರಂಥಾಲಯಗಳನ್ನು ಕಣ್ಣಾರೆ ನೋಡಿ. ನೂರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಭೇಟಿ ನೀಡಿದರು. ಅಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು, ವ್ಯಾಪಾರಿಗಳು ಸಲೀಸಾಗಿ ಒಳಬಂದು ಪುಸ್ತಕ ಒಯ್ಯುವುದನ್ನು ಕಂಡ ಮೇಲೆ, ಗ್ರಂಥಾಲಯವೆಂದರೆ ಪುಸ್ತಕಗಳ ಉಗ್ರಾಣವೆಂಬ ಭಾವನೆ ಅಳಿಸಿಹೋಯಿತು. ಹಳೆಯ ಹುದ್ದೆಗೆ ಮರಳುವ ಮಾತು ಅವರಿಂದ ಮತ್ತೆ ಬರಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಅಲ್ಲಿನ ಪದ್ಧತಿ ಒಪ್ಪಿಗೆಯಾಗಲಿಲ್ಲ. ಆಗ ಪ್ರಚಲಿತವಿದ್ದ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ವಿಷಯಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿಪಡಿಸಲಾಗಿತ್ತು. ಪಟ್ಟಿ ಮಾಡಿದವರು ಊಹಿಸಿರದ ವಿಷಯದ ಮೇಲೆ ಪುಸ್ತಕ ಬಂದರೆ ಗ್ರಂಥಪಾಲಕನು ಅದನ್ನು ಹತ್ತಿರದ ಯಾವುದೋ ಸಂಖ್ಯೆಯಡಿ ಸೇರಿಸಿ ಸುಮ್ಮನಾಗಬೇಕಿತ್ತು. ಭಾರತದ ತತ್ವಶಾಸ್ತ್ರ, ಧರ್ಮ, ಭಾಷೆಗಳಿಗೆ ಆ ಪಟ್ಟಿಯಲ್ಲಿ ದೊರೆತಿದ್ದ ಜಾಗವಂತೂ ತೀರಾ ಕಡಿಮೆ. ಇದನ್ನೇ ಯೋಚಿಸುತ್ತಿದ್ದ ಸಮಯದಲ್ಲಿ ಲಂಡನ್ನಿನ ಸೆಲ್‌ಫ್ರಿಜಸ್ ಎಂಬ ದೊಡ್ಡ ಮಳಿಗೆಯಲ್ಲಿ ಮೆಕ್ಯಾನೊ ಆಟಿಕೆಯ ಪ್ರದರ್ಶನ ಅವರ ಕಣ್ಣಿಗೆ ಬಿತ್ತು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು-ಬೋಲ್ಟುಗಳು ಅಷ್ಟೇ. ಅವುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಗಾಡಿ, ಇನ್ನೊಮ್ಮೆ ಭಾರ ಎತ್ತುವ ಯಂತ್ರ. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಾಗಿ ಬಿಡಿಸಿ, ಪ್ರತಿ ಭಾಗಕ್ಕೂ ಒಂದು ಸಂಕೇತ ನೀಡಿ, ಪುಸ್ತಕ ಕೈಗೆ ಬಂದಾಗ ಅವುಗಳನ್ನು ಜೋಡಿಸಿ ಸಂಖ್ಯೆಯನ್ನು ಕಟ್ಟಬಾರದೇಕೆ ಎಂಬ ಆಲೋಚನೆ ಅವರಲ್ಲಿ ಮೂಡಿತು. ನಟ್ಟು-ಬೋಲ್ಟಿನ ಸ್ಥಾನಕ್ಕೆ ಅವರು ಆರಿಸಿಕೊಂಡದ್ದು ಲೇಖನಚಿಹ್ನೆಯಾದ ಕೋಲನ್, ಅಂದರೆ ದ್ವಿಬಿಂದು.

ಉದಾಹರಣೆಗೆ, ಶ್ವಾಸಕೋಶದ ಕ್ಷಯರೋಗಕ್ಕೆ ಕ್ಷ-ಕಿರಣ ಚಿಕಿತ್ಸೆ ನೀಡುವ ಬಗ್ಗೆ 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ ಎಂಬ ವಿಷಯವನ್ನು ತೆಗೆದುಕೊಂಡರೆ, ವೈದ್ಯಶಾಸ್ತ್ರ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಕ್ಷ-ಕಿರಣ, ಸಂಶೋಧನೆ, ಭಾರತ, 1950 ಎಂಬ ಪ್ರತಿ ಅಂಶಕ್ಕೂ ಪ್ರತ್ಯೇಕ ಸಂಕೇತವಿದ್ದು, ಎಲ್ಲವೂ ಒಂದೇ ಸಾಲಿನಲ್ಲಿ ಕ್ರಮವಾಗಿ ಕೂಡುತ್ತವೆ. ಇಂತಹ ಅಂಶಗಳನ್ನು ಅವರು ಮುಖಗಳೆಂದು ಕರೆದರು. ಊರಿಗೆ ಮರಳುವ ಹಡಗಿನಲ್ಲಿದ್ದ ಪುಟ್ಟ ಗ್ರಂಥಾಲಯದ ಪುಸ್ತಕಗಳ ಮೇಲೆಯೇ ಅವರು ಈ ಪದ್ಧತಿಯ ಮೊದಲ ಪ್ರಯೋಗ ನಡೆಸಿದರು. 1925ರ ಜುಲೈನಲ್ಲಿ ಮದ್ರಾಸಿಗೆ ಹಿಂದಿರುಗಿದ ನಂತರ ವಿಶ್ವವಿದ್ಯಾನಿಲಯದ ಸಂಗ್ರಹದ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ, 1933ರಲ್ಲಷ್ಟೇ ಕೋಲನ್ ವರ್ಗೀಕರಣ ಪದ್ಧತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆಲೋಚನೆ ಹೊಳೆದ ದಿನದಿಂದ ಮುದ್ರಣವಾಗುವವರೆಗೆ ಎಂಟು ವರ್ಷಗಳಿಗೂ ಮಿಕ್ಕಿ ಹಿಡಿದಿರುವುದು ಗಮನಾರ್ಹ.

ಆ ಕಾಲದಲ್ಲಿ ನಮ್ಮ ದೇಶದ ಬಹುತೇಕ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಬೀಗ ಹಾಕಿದ ಕಪಾಟುಗಳಲ್ಲಿ ಇರಿಸಲಾಗುತ್ತಿತ್ತು. ಓದುಗನು ಚೀಟಿ ಬರೆದುಕೊಟ್ಟು ಕಾಯಬೇಕು, ಜವಾನ ಹುಡುಕಿ ತರಬೇಕು, ತಂದ ಪುಸ್ತಕ ಬೇಕಾದುದಲ್ಲವೆಂದಾದರೆ ಮತ್ತೊಂದು ಚೀಟಿ. ರಂಗನಾಥನ್‌ರವರು ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಮುಕ್ತ ಪ್ರವೇಶ ಪದ್ಧತಿಯನ್ನು ಜಾರಿಗೆ ತಂದು, ಓದುಗರು ಕಪಾಟುಗಳ ನಡುವೆ ತಾವೇ ಓಡಾಡಿ ಪುಸ್ತಕಗಳನ್ನು ಆಯ್ದುಕೊಳ್ಳಲು ಅವಕಾಶ ಕಲ್ಪಿಸಿದರು. ಇಂದು ಇದು ಸಾಮಾನ್ಯವೆನಿಸಬಹುದು. ಅಂದು ಇದು ಗ್ರಂಥಪಾಲಕನು ತನ್ನ ನೌಕರಿಯನ್ನೇ ಪಣಕ್ಕಿಟ್ಟಂತಿತ್ತು. ಏಕೆಂದರೆ ಪುಸ್ತಕಗಳು ದಾಸ್ತಾನಿನ ಲೆಕ್ಕದಲ್ಲಿ ಸೇರಿದ್ದು, ಮೇಜು ಕುರ್ಚಿಗಳಂತೆಯೇ ಅವುಗಳಿಗೂ ಗ್ರಂಥಪಾಲಕನೇ ಹೊಣೆಗಾರ. ಒಂದು ಪುಸ್ತಕ ಕಾಣೆಯಾದರೂ ವಿವರಣೆ ಕೇಳುವುದು, ವೇತನದಿಂದ ಕಟಾಯಿಸುವುದು ನಡೆದೇ ಇತ್ತು. ಹೀಗಿರುವಾಗ ಪುಸ್ತಕವನ್ನು ಓದುಗನ ಕೈಗೆ ಸಿಗದಂತೆ ಕಾಯುವುದೇ ಗ್ರಂಥಪಾಲಕನಿಗೆ ಕ್ಷೇಮವಾಗಿತ್ತು.

ಉಪಯೋಗವಾಗದೆ ಕಪಾಟಿನಲ್ಲಿ ಕೊಳೆಯುವ ಪುಸ್ತಕಕ್ಕೆ ಹೂಡಿದ ಹಣವೂ ನಷ್ಟವೇ ಎಂಬುದು ರಂಗನಾಥನ್‌ರವರ ವಾದವಾಗಿತ್ತು. ಆ ನಷ್ಟ ಯಾವ ವಹಿಯಲ್ಲಿಯೂ ನಮೂದಾಗುವುದಿಲ್ಲ, ಕಾಣೆಯಾದ ಪುಸ್ತಕದ ನಷ್ಟ ಮಾತ್ರ ನಮೂದಾಗುತ್ತದೆ. ಸಾವಿರಾರು ಪುಸ್ತಕಗಳು ಸಾವಿರಾರು ಕೈಗಳಲ್ಲಿ ಓಡಾಡುವಾಗ ಕೆಲವು ಕಾಣೆಯಾಗುವುದು ಸಹಜವೆಂದೂ, ಅದನ್ನು ಸೇವೆಯ ವೆಚ್ಚವೆಂದು ಪರಿಗಣಿಸಿ ಲೆಕ್ಕದಿಂದ ತೆಗೆದುಹಾಕಬೇಕೆಂದೂ ಅವರು ತಮ್ಮ ಗ್ರಂಥಗಳಲ್ಲಿಯೂ, ಸಮಿತಿಗಳಲ್ಲಿಯೂ ಪ್ರತಿಪಾದಿಸುತ್ತಾ ಬಂದರು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ ವರ್ಷವೊಂದರಲ್ಲಿ ಎರವಲು ನೀಡಿದ ಅಥವಾ ಪರಾಮರ್ಶಿಸಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದರಷ್ಟು ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಸಮಂಜಸವೆಂದು ಪರಿಗಣಿಸಲು ಅವಕಾಶ ಕಲ್ಪಿಸಲಾಗಿದೆ. ಲೆಕ್ಕಪತ್ರ ಶಾಖೆಗಳಲ್ಲಿ ಕೆಲಸ ಮಾಡುವವರಿಗೆ ಈ ಒಂದು ಸಾಲಿನ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಆದಾಗ್ಯೂ ಪುಸ್ತಕ ಕಳೆದರೆ ತಲೆಯ ಮೇಲೆ ಬರುವುದೆಂಬ ಅಂಜಿಕೆಯಿಂದ ಕಪಾಟಿಗೆ ಬೀಗ ಜಡಿದಿರುವ ಗ್ರಂಥಾಲಯಗಳು ಇಲ್ಲದಿಲ್ಲ.

ಮದ್ರಾಸಿನಲ್ಲಿ ಅವರು ತಂದ ಬದಲಾವಣೆಗಳು ಇಷ್ಟಕ್ಕೇ ನಿಲ್ಲಲಿಲ್ಲ. ಗ್ರಂಥಾಲಯದ ವೇಳೆಯನ್ನು ವಿಸ್ತರಿಸಿ, ವರ್ಷದ ಎಲ್ಲ ದಿನಗಳೂ ತೆರೆದಿರುವಂತೆ ವ್ಯವಸ್ಥೆ ಮಾಡಲಾಯಿತು. ಓದುಗನ ಪಕ್ಕದಲ್ಲಿ ನಿಂತು ಅವನಿಗೆ ಬೇಕಾದುದನ್ನು ಹುಡುಕಿಕೊಡುವ ಪರಾಮರ್ಶನ ಸೇವೆಗೆ ಪ್ರತ್ಯೇಕ ಸಿಬ್ಬಂದಿಯನ್ನು ನಿಯೋಜಿಸಲಾಯಿತು. ವಿಶ್ವವಿದ್ಯಾನಿಲಯದ ಸಂಗ್ರಹವು ಆರಂಭದಲ್ಲಿ ಕನ್ನೆಮರ ಸಾರ್ವಜನಿಕ ಗ್ರಂಥಾಲಯದ ಕಟ್ಟಡದ ಆಶ್ರಯದಲ್ಲಿತ್ತು. 1936ರಲ್ಲಿ ಮರೀನಾ ಕಡಲತೀರದ ಎದುರಿನ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಆ ಎರಡು ದಶಕಗಳಲ್ಲಿ ರಂಗನಾಥನ್‌ರವರು ರಜೆಯನ್ನೇ ಪಡೆಯದೆ ದುಡಿದರೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ತಮ್ಮೊಂದಿಗೆ ಕೆಲಸ ಮಾಡುವವರಿಂದಲೂ ಅದೇ ಬಗೆಯ ದುಡಿಮೆಯನ್ನು ಅವರು ನಿರೀಕ್ಷಿಸುತ್ತಿದ್ದುದರಿಂದ, ಅವರ ಕೈಕೆಳಗೆ ಕೆಲಸ ಮಾಡುವುದು ಎಲ್ಲರಿಗೂ ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

1928ನೇ ಇಸವಿ ಅವರ ಜೀವನದಲ್ಲಿ ವಿಶೇಷವಾದುದು. ಆ ವರ್ಷದ ಜನವರಿಯಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಒಬ್ಬ ಅಧಿಕಾರಿಯ ಉತ್ಸಾಹ ಅವನ ವರ್ಗಾವಣೆ ಅಥವಾ ನಿವೃತ್ತಿಯೊಂದಿಗೆ ಮುಗಿಯುತ್ತದೆ, ಸಂಘವಾದರೆ ಉಳಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿತ್ತು. ಅದೇ ವರ್ಷ, ಗ್ರಂಥಾಲಯದಲ್ಲಿ ನಡೆಯುವ ನೂರಾರು ಬಿಡಿಬಿಡಿ ಕೆಲಸಗಳಿಗೆಲ್ಲ ಆಧಾರವಾದ ಕೆಲವೇ ತತ್ವಗಳಿರಬೇಕು ಎಂದು ಅವರು ತಡಕಾಡುತ್ತಿದ್ದರು. ಗಣಿತಜ್ಞನ ಮನಸ್ಸಿಗೆ ನಿಯಮಗಳ ರಾಶಿ ಸಮಾಧಾನ ನೀಡದು. ಗುರುಗಳಾದ ಪ್ರೊ. ರಾಸ್‌ರವರೊಂದಿಗೆ ಇದನ್ನು ಚರ್ಚಿಸಿದಾಗ, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದೇ ಮೊದಲ ತತ್ವವಾಗಬಹುದೆಂದು ಅವರು ಸೂಚಿಸಿದರು. ಅಲ್ಲಿಂದ ಉಳಿದ ನಾಲ್ಕೂ ಸರಾಗವಾಗಿ ಹೊರಬಂದವು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತಿರುತ್ತದೆ ಎಂಬುದು ಅವುಗಳ ಸಾರ. ಆ ವರ್ಷದ ಕೊನೆಯಲ್ಲಿ ಅವುಗಳನ್ನು ಉಪನ್ಯಾಸಗಳ ಮೂಲಕ ಮಂಡಿಸಿದ ಅವರು, 1931ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಗ್ರಂಥವನ್ನು ಪ್ರಕಟಿಸಿದ್ದು ಮದ್ರಾಸ್ ಗ್ರಂಥಾಲಯ ಸಂಘವೇ.

ಇದೇ 1928ರ ನವೆಂಬರ್‌ನಲ್ಲಿ ಪತ್ನಿ ರುಕ್ಮಿಣಿಯವರು ತಿರುವಲ್ಲಿಕೇಣಿಯ ಪಾರ್ಥಸಾರಥಿ ದೇವಾಲಯದ ಕಲ್ಯಾಣಿಯಲ್ಲಿ ಕಾಲುಜಾರಿ ಬಿದ್ದು ಮೃತಪಟ್ಟರು. ಮುಂದಿನ ವರ್ಷ ರಂಗನಾಥನ್‌ರವರು ಶಾರದಾರವರನ್ನು ವಿವಾಹವಾದರು. ಪತಿಯ ಹಗಲಿರುಳಿನ ದುಡಿಮೆಗೆ ಮನೆಯ ಕಡೆಯಿಂದ ಯಾವ ಅಡಚಣೆಯೂ ಬಾರದಂತೆ ನಾಲ್ಕು ದಶಕಗಳಿಗೂ ಮಿಕ್ಕಿ ಸಂಸಾರವನ್ನು ನಡೆಸಿದವರು ಶಾರದಾರವರು. ಅವರ ಹೆಸರು ಮುಂದೆ ಈ ಲೇಖನದಲ್ಲಿ ಮತ್ತೆ ಬರುತ್ತದೆ.

ತರಬೇತಿ ಹೊಂದಿದ ಸಿಬ್ಬಂದಿಯಿಲ್ಲದೆ ಸುಧಾರಣೆ ಉಳಿಯದೆಂದು ಅರಿತ ಅವರು 1929ರಲ್ಲಿ ಸಂಘದ ಆಶ್ರಯದಲ್ಲಿ ಬೇಸಿಗೆ ತರಬೇತಿ ಶಾಲೆಯನ್ನು ಆರಂಭಿಸಿದರು. 1931ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ತನ್ನ ಅಧೀನಕ್ಕೆ ತೆಗೆದುಕೊಂಡಿತು. 1937ರಲ್ಲಿ ಅದು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆಯಿತು. ಮೊದಲು ಸಣ್ಣದಾಗಿ ಆರಂಭಿಸಿ, ನಡೆಯುತ್ತದೆಂದು ತೋರಿಸಿಕೊಟ್ಟು, ಬಳಿಕ ದೊಡ್ಡ ಸಂಸ್ಥೆಯ ಹೆಗಲಿಗೆ ವರ್ಗಾಯಿಸುವ ಈ ಕ್ರಮವನ್ನು ಅವರ ಇತರ ಕಾರ್ಯಗಳಲ್ಲಿಯೂ ಕಾಣಬಹುದು.

ಗ್ರಾಮಗಳಿಗೆ ಪುಸ್ತಕ ತಲುಪಿಸುವ ವಿಷಯದಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. ಪಾಶ್ಚಾತ್ಯ ದೇಶಗಳಲ್ಲಿ ಮೋಟಾರು ವಾಹನಗಳಲ್ಲಿ ಸಂಚಾರಿ ಗ್ರಂಥಾಲಯಗಳು ಓಡಾಡತೊಡಗಿದ್ದವು. ತಂಜಾವೂರು ಜಿಲ್ಲೆಯ ಹಳ್ಳಿಗಳಿಗೆ ಮೋಟಾರು ತರಲು ಹಣವೆಲ್ಲಿ, ಅದು ಓಡುವ ರಸ್ತೆಯೆಲ್ಲಿ? ರಂಗನಾಥನ್‌ರವರ ವಿಚಾರಗಳಿಂದ ಪ್ರೇರಿತರಾದ ಕನಕಸಭೈ ಪಿಳ್ಳೈ ಎಂಬುವರು 1931ರಲ್ಲಿ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯನ್ನೇ ಗ್ರಂಥಾಲಯವನ್ನಾಗಿ ಮಾರ್ಪಡಿಸಿದರು. ಪುಸ್ತಕಗಳನ್ನು ಜೋಡಿಸಿದ ಗಾಡಿ ಹಳ್ಳಿಯಿಂದ ಹಳ್ಳಿಗೆ ಸಾಗಿ, ಅಲ್ಲಿಯ ಜನರಿಗೆ ಪುಸ್ತಕಗಳನ್ನು ಎರವಲು ನೀಡುತ್ತಿತ್ತು. ಎತ್ತು, ಗಾಡಿ ಎರಡೂ ಊರಿನಲ್ಲಿಯೇ ದೊರೆಯುವಂಥವು. ಗಾಡಿ ಕೆಟ್ಟರೆ ಊರಿನ ಬಡಗಿಯೇ ದುರಸ್ತಿ ಮಾಡಬಲ್ಲ. ನಮ್ಮ ದೇಶದ ಸಂಚಾರಿ ಗ್ರಂಥಾಲಯಗಳ ಇತಿಹಾಸದಲ್ಲಿ ಈ ಗಾಡಿಗೆ ವಿಶಿಷ್ಟ ಸ್ಥಾನವಿದೆ.

ಆದರೆ ದಾನಿಗಳ ಔದಾರ್ಯದ ಮೇಲೆ ಗ್ರಂಥಾಲಯ ಸೇವೆ ಬಹುಕಾಲ ನಿಲ್ಲಲಾರದು ಎಂಬುದನ್ನು ಅವರು ಬೇಗನೆ ಕಂಡುಕೊಂಡರು. ವರ್ಷದಿಂದ ವರ್ಷಕ್ಕೆ ಆಯವ್ಯಯದಲ್ಲಿ ಕೃಪೆಯಿಂದ ದೊರೆಯುವ ಅನುದಾನವೂ ಭದ್ರವಲ್ಲ. ಕಷ್ಟದ ವರ್ಷ ಬಂದಾಗ ಮೊದಲು ಕತ್ತರಿ ಬೀಳುವುದು ಪುಸ್ತಕದ ಬಾಬ್ತಿಗೇ. ಆದುದರಿಂದ ಶಾಸನದ ಮೂಲಕ ಗ್ರಂಥಾಲಯ ಕರವನ್ನು ವಿಧಿಸಿ, ಆ ಹಣ ಗ್ರಂಥಾಲಯಕ್ಕೇ ಮೀಸಲಾಗಬೇಕೆಂಬ ನಿಲುವಿಗೆ ಬಂದರು. 1930ರಲ್ಲಿ ಬನಾರಸಿನಲ್ಲಿ ಜರುಗಿದ ಪ್ರಥಮ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಗ್ರಂಥಾಲಯ ಅಧಿನಿಯಮದ ಕರಡನ್ನು ಮಂಡಿಸಿದರು. ಅದನ್ನು ಆಧರಿಸಿ ವಂಗ ಪ್ರಾಂತದಲ್ಲಿ ನಡೆದ ಪ್ರಯತ್ನ ಕಡ್ಡಾಯ ಕರದ ಕಾರಣದಿಂದ ಫಲಿಸಲಿಲ್ಲ. 1933ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಬಷೀರ್ ಅಹಮದ್ ಸಯೀದ್‌ರವರು ಮಂಡಿಸಿದ ವಿಧೇಯಕವೂ ಬಿದ್ದುಹೋಯಿತು. ಸ್ವಾತಂತ್ರ್ಯಾನಂತರ, ಶಿಕ್ಷಣ ಸಚಿವರಾಗಿದ್ದ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್‌ರವರ ಆಸಕ್ತಿಯಿಂದ ಮದ್ರಾಸ್ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1948ರಲ್ಲಿ ಅಂಗೀಕಾರವಾಗುವ ವೇಳೆಗೆ ಹದಿನೆಂಟು ವರ್ಷಗಳು ಕಳೆದಿದ್ದವು.

ಅಷ್ಟರಲ್ಲಿ ರಂಗನಾಥನ್‌ರವರು ಮದ್ರಾಸನ್ನೇ ತೊರೆದಿದ್ದರು. ವಿಶ್ವವಿದ್ಯಾನಿಲಯದ ಆಡಳಿತದೊಂದಿಗೆ ತಲೆದೋರಿದ ಭಿನ್ನಾಭಿಪ್ರಾಯಗಳ ಕಾರಣ, ಇಪ್ಪತ್ತು ವರ್ಷಗಳ ಸೇವೆಯ ನಂತರ ಸ್ವಇಚ್ಛೆಯಿಂದ ನಿವೃತ್ತರಾದರು. ತಾವೇ ಕಟ್ಟಿ ಬೆಳೆಸಿದ ಸಂಸ್ಥೆಯಿಂದ ಹೀಗೆ ಹೊರಬರಬೇಕಾದುದು ಅವರಿಗೆ ನೋವುಂಟುಮಾಡಿತ್ತು. ವೃತ್ತಿಯಿಂದಲೇ ದೂರ ಸರಿದು ಶೇಷಾಯುಷ್ಯವನ್ನು ಓದು ಬರಹದಲ್ಲಿ ಕಳೆಯುವ ಇಚ್ಛೆ ಇದ್ದರೂ, ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಸ್. ರಾಧಾಕೃಷ್ಣನ್‌ರವರ ಆಹ್ವಾನದ ಮೇರೆಗೆ 1945ರಲ್ಲಿ ಅಲ್ಲಿಗೆ ತೆರಳಿದರು. ಅಸ್ತವ್ಯಸ್ತವಾಗಿದ್ದ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಸಹಾಯಕರಿಲ್ಲದೆ ಎರಡು ವರ್ಷಗಳಲ್ಲಿ ತಾವೇ ವರ್ಗೀಕರಿಸಿದರು. 1947ರಲ್ಲಿ ಸರ್ ಮಾರಿಸ್ ಗ್ವೈಯರ್‌ರವರು ಅವರನ್ನು ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬರಮಾಡಿಕೊಂಡರು. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಪಿಎಚ್.ಡಿ. ಅಧ್ಯಯನಕ್ಕೆ ಅಲ್ಲಿ ಅವಕಾಶವಾಯಿತು. ಈ ವಿಷಯದಲ್ಲಿ ಭಾರತದ ಪ್ರಥಮ ಪಿಎಚ್.ಡಿ. ಪದವಿಯನ್ನು 1957ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಿಂದ ಪಡೆದವರು ಡಿ.ಬಿ. ಕೃಷ್ಣರಾವ್‌ರವರು. ವಿಜ್ಞಾನಿಗಳಿಗೆ ಲೇಖನಗಳ ಮಾಹಿತಿಯನ್ನು ಒದಗಿಸುವ ಇನ್ಸ್‌ಡಾಕ್ ಕೇಂದ್ರವು 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗುವಲ್ಲಿಯೂ ಅವರ ಪಾತ್ರವಿತ್ತು.

1956ರಲ್ಲಿ ರಂಗನಾಥನ್‌ರವರು ಕೈಗೊಂಡ ಒಂದು ನಿರ್ಧಾರ ಅನೇಕರಿಗೆ ಅಚ್ಚರಿ ತಂದಿತು. ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು, ತಾವು ನೊಂದು ಹೊರಬಂದಿದ್ದ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೇ ನೀಡಿ, ಗ್ರಂಥಾಲಯ ವಿಜ್ಞಾನದಲ್ಲಿ ಪತ್ನಿಯವರ ಹೆಸರಿನಲ್ಲಿ ಶಾರದಾ ರಂಗನಾಥನ್ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಲು ಅನುವು ಮಾಡಿಕೊಟ್ಟರು. ಆಗಿನ ಒಂದು ಲಕ್ಷ ರೂಪಾಯಿ ಎಂದರೆ ವೇತನದಿಂದಲೇ ಜೀವನ ನಡೆಸಿದ ನೌಕರನೊಬ್ಬನಿಗೆ ಎಂತಹ ಮೊತ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಒಮ್ಮೆ ಖರ್ಚಾಗಿ ಮುಗಿಯುವ ದೇಣಿಗೆಗಿಂತ, ಮೂಲಧನ ಉಳಿದು ವರ್ಷವರ್ಷವೂ ಫಲ ನೀಡುವ ದತ್ತಿಯನ್ನೇ ಅವರು ಆರಿಸಿಕೊಂಡದ್ದು ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಅತ್ಯಂತ ಸರಳವಾಗಿ ಬದುಕುತ್ತಿದ್ದ ಆ ಕುಟುಂಬದಲ್ಲಿ ಇದಕ್ಕೆ ಶಾರದಾರವರ ಸಮ್ಮತಿಯೂ ಇತ್ತೆಂಬುದು ನೆನೆಯತಕ್ಕ ವಿಷಯ.

1955ರಿಂದ 1957ರವರೆಗೆ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ವಾಸವಿದ್ದು, ಹಿಂದಿರುಗಿದ ನಂತರ ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದರು. ಇದೇ ಅವಧಿಯಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾಗಿ, ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನಮಾನ ಹಾಗೂ ವೇತನಶ್ರೇಣಿ ನೀಡಬೇಕೆಂದು ಶಿಫಾರಸು ಮಾಡಿದರು. ಕಾಲೇಜು ಗ್ರಂಥಪಾಲಕರು ಗುಮಾಸ್ತರ ಸಾಲಿನಿಂದ ಮೇಲೇರಿದ ಇತಿಹಾಸದಲ್ಲಿ ಈ ವರದಿಗೆ ಮುಖ್ಯ ಸ್ಥಾನವಿದೆ.

ಅನಂತರ ಅವರು ನೆಲೆಸಿದ್ದು ಬೆಂಗಳೂರಿನಲ್ಲಿ. ಎಪ್ಪತ್ತರ ಹೊಸ್ತಿಲಲ್ಲಿದ್ದ ಅವರು ವಿಶ್ರಾಂತಿಗೆಂದು ಬಂದವರಾಗಿರಲಿಲ್ಲ. ಕಾರ್ಖಾನೆಗಳು, ಸಂಶೋಧನಾಲಯಗಳು ಬೆಳೆಯುತ್ತಿದ್ದ ಕಾಲವದು. ಯಂತ್ರಶಾಸ್ತ್ರಜ್ಞರಿಗೂ ವಿಜ್ಞಾನಿಗಳಿಗೂ ಇಡೀ ಪುಸ್ತಕಕ್ಕಿಂತ ನಿಯತಕಾಲಿಕೆಯೊಂದರಲ್ಲಿ ಬಂದ ನಾಲ್ಕು ಪುಟಗಳ ಲೇಖನವೇ ಹೆಚ್ಚು ಬೇಕಾಗುತ್ತದೆ. ಅದನ್ನು ಹುಡುಕಿಕೊಡುವ ಪ್ರಲೇಖನ ಕಾರ್ಯಕ್ಕೆ ತಜ್ಞರನ್ನು ಸಿದ್ಧಪಡಿಸುವ ಸಲುವಾಗಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕರಾದ ಪ್ರೊ. ಪಿ.ಸಿ. ಮಹಾಲನೋಬಿಸ್‌ರವರ ಬೆಂಬಲದೊಂದಿಗೆ, 1962ರ ಜನವರಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಸ್ಥಾಪಿಸಲಾಯಿತು. ಡಿ.ಆರ್.ಟಿ.ಸಿ. ಎಂದೇ ಪರಿಚಿತವಾದ ಈ ಕೇಂದ್ರದ ಗೌರವ ಪ್ರಾಧ್ಯಾಪಕರಾಗಿ ರಂಗನಾಥನ್‌ರವರು ಎ. ನೀಲಮೇಘನ್, ಎಂ.ಎ. ಗೋಪಿನಾಥ್ ಮುಂತಾದ ಕಿರಿಯರ ತಂಡದೊಂದಿಗೆ ಕೆಲಸ ಮಾಡಿದರು. ಇದಕ್ಕೂ ಸ್ವಲ್ಪ ಮೊದಲು, 1961ರಲ್ಲಿ, ಶಾರದಾ ರಂಗನಾಥನ್ ಗ್ರಂಥಾಲಯ ವಿಜ್ಞಾನ ದತ್ತಿಯನ್ನು ಬೆಂಗಳೂರಿನಲ್ಲಿ ಆರಂಭಿಸಿ, ತಮ್ಮ ಗ್ರಂಥಗಳಿಂದ ಬರುವ ಗೌರವಧನವನ್ನು ಅದಕ್ಕೆ ವಹಿಸಿಕೊಟ್ಟಿದ್ದರು. ತಮ್ಮ ಪ್ರಾಂತದವರೇ ಆದ ಗಣಿತಜ್ಞ ಶ್ರೀನಿವಾಸ ರಾಮಾನುಜನ್‌ರವರ ಕುರಿತು ಅವರು ಗ್ರಂಥ ರಚಿಸಿ ಪ್ರಕಟಿಸಿದ್ದು ಸಹ ಈ ಅವಧಿಯಲ್ಲಿಯೇ, 1967ರಲ್ಲಿ.

ಅವರು ಬೆಂಗಳೂರಿನಲ್ಲಿದ್ದಾಗಲೇ ಅಂದಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965 ಅಂಗೀಕಾರವಾಗಿ, 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಭೂಮಿ ಮತ್ತು ಕಟ್ಟಡಗಳ ತೆರಿಗೆಯೇ ಮೊದಲಾದ ಸ್ಥಳೀಯ ತೆರಿಗೆಗಳೊಂದಿಗೆ ಗ್ರಂಥಾಲಯ ಕರವನ್ನು ಸಂಗ್ರಹಿಸುವುದು, ಪ್ರತ್ಯೇಕ ಇಲಾಖೆ, ನಗರ ಹಾಗೂ ಜಿಲ್ಲೆಗಳಿಗೆ ಗ್ರಂಥಾಲಯ ಪ್ರಾಧಿಕಾರಗಳು ಎಂಬ ಇದರ ಚೌಕಟ್ಟಿನಲ್ಲಿ, 1930ರಲ್ಲಿ ಅವರು ಬನಾರಸಿನಲ್ಲಿ ಮಂಡಿಸಿದ್ದ ಆಲೋಚನೆಯ ಛಾಯೆಯನ್ನು ಸ್ಪಷ್ಟವಾಗಿ ಕಾಣಬಹುದು. ಮನೆಯ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರವೆಂಬ ಬಾಬ್ತನ್ನು ಕಾಣುವ ನಾಗರಿಕರಿಗೆ ಅದರ ಹಿಂದಿನ ಈ ಕಥೆ ತಿಳಿದಿರುವುದು ಅಪರೂಪ. ಸಂಗ್ರಹವಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸಕಾಲದಲ್ಲಿ ವರ್ಗಾಯಿಸಬೇಕೆಂಬುದು ಅಧಿನಿಯಮದ ಉದ್ದೇಶಕ್ಕೆ ಜೀವಾಳವಾದ ಅಂಶ.

ಕೋಲನ್ ವರ್ಗೀಕರಣದ ಬಗ್ಗೆ ಒಂದು ಮಾತು ಹೇಳುವುದು ಅಗತ್ಯ. ಈ ಪದ್ಧತಿಯು ಭಾರತದಲ್ಲಿಯೇ ವ್ಯಾಪಕವಾಗಿ ನೆಲೆಯೂರಲಿಲ್ಲ. ಸಂಖ್ಯೆ ಕಟ್ಟಲು ಬೇಕಾದ ಪರಿಶ್ರಮ, ಆವೃತ್ತಿಯಿಂದ ಆವೃತ್ತಿಗೆ ಆದ ಮಾರ್ಪಾಡುಗಳು ಹಾಗೂ ಅದನ್ನು ನಿರಂತರವಾಗಿ ಪರಿಷ್ಕರಿಸುವ ಬಲವಾದ ಸಂಸ್ಥೆಯ ಕೊರತೆಯಿಂದಾಗಿ ಬಹುತೇಕ ಗ್ರಂಥಾಲಯಗಳು ಡ್ಯೂಯಿ ಪದ್ಧತಿಯಲ್ಲಿಯೇ ಉಳಿದವು. ಏಳನೆಯ ಆವೃತ್ತಿ ಪ್ರಕಟವಾದದ್ದು ಅವರ ಮರಣಾನಂತರ, 1987ರಲ್ಲಿ. ಆದರೆ ಅದರ ಹಿಂದಿನ ತತ್ವ ದೂರ ಪ್ರಯಾಣ ಮಾಡಿತು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯು ಅವರ ಸರಪಣಿ ಸೂಚೀಕರಣ ವಿಧಾನವನ್ನು ಅಳವಡಿಸಿಕೊಂಡಿತು. 1952ರಲ್ಲಿ ಲಂಡನ್ನಿನಲ್ಲಿ ರಚನೆಯಾದ ವರ್ಗೀಕರಣ ಸಂಶೋಧನಾ ತಂಡವು ಮುಖ ವಿಶ್ಲೇಷಣೆಯನ್ನೇ ತನ್ನ ಆಧಾರವೆಂದು ಒಪ್ಪಿತು. ಇಂದು ಅಂತರಜಾಲದ ಮಳಿಗೆಯಲ್ಲಿ ಸೀರೆಯನ್ನು ಬಣ್ಣ, ಬೆಲೆ, ನೇಯ್ಗೆಗಳ ಪ್ರಕಾರ ಬೇರೆ ಬೇರೆಯಾಗಿ ಸೋಸಿ ನೋಡುವವರು ತಿಳಿಯದೆಯೇ ಮುಖ ವಿಶ್ಲೇಷಣೆಯ ವಿಧಾನವನ್ನು ಉಪಯೋಗಿಸುತ್ತಿರುತ್ತಾರೆ.

ದೆಹಲಿ ವಿಶ್ವವಿದ್ಯಾನಿಲಯವು 1948ರಲ್ಲಿಯೂ, ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು 1964ರಲ್ಲಿಯೂ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿದವು. ಭಾರತ ಸರ್ಕಾರವು 1957ರಲ್ಲಿ ಪದ್ಮಶ್ರೀ ನೀಡಿ ಗೌರವಿಸಿತಲ್ಲದೆ, 1965ರಲ್ಲಿ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಐವತ್ತಕ್ಕೂ ಹೆಚ್ಚು ಗ್ರಂಥಗಳು ಹಾಗೂ ಸಾವಿರಕ್ಕೂ ಹೆಚ್ಚು ಲೇಖನಗಳು ಅವರ ಲೇಖನಿಯಿಂದ ಹೊರಬಂದಿವೆ. ಕೊನೆಯ ದಿನಗಳವರೆಗೂ ತಮ್ಮ ವರ್ಗೀಕರಣದ ಮುಂದಿನ ಆವೃತ್ತಿಯ ಕೆಲಸದಲ್ಲಿ ತೊಡಗಿದ್ದ ರಂಗನಾಥನ್‌ರವರು 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಮಲ್ಲೇಶ್ವರದಲ್ಲಿ ಕಾರ್ಯಾರಂಭ ಮಾಡಿದ್ದ ಡಿ.ಆರ್.ಟಿ.ಸಿ. ಮುಂದೆ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣಕ್ಕೆ ಸ್ಥಳಾಂತರಗೊಂಡು, ಅಲ್ಲಿ ಕಾರ್ಯನಿರ್ವಹಿಸುತ್ತಿದೆ.